ಎರವಲು ತಂದ ಸೆಟ್ಟಿಂಗ್ಸ್

ಮನೆಯವರು ಆಕೆಯನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಜೀವ. ಕಣ್ಣಾಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ರೋಗಿಗಳ ಹೆಸರು ಬರೆದುಕೊಂಡು, ನಲವತ್ತರ ಹೊಸ್ತಿಲಲ್ಲಿ ಪ್ರೋಗ್ರಾಮಿಂಗ್ ಕಲಿತು, ಆಸ್ಪತ್ರೆಗಳ ಅಪಾಯಿಂಟ್‌ಮೆಂಟ್ ನಿರ್ವಹಿಸುವ ವೆಬ್‌ಸೈಟೊಂದರ ಪುಟ್ಟ ಕಚೇರಿಗೆ ಪರೀಕ್ಷಾರ್ಥವಾಗಿ ಸೇರಿದ್ದಳು. ಷರತ್ತು ಒಂದೇ: ಆ ವೆಬ್‌ಸೈಟು ಹೊರಗಿನ ಯಾವ ಹಂಗೂ ಇಲ್ಲದೆ ತನ್ನ ಲ್ಯಾಪ್‌ಟಾಪಿನಲ್ಲೇ ಓಡುವಂತೆ ಸಂಜೆಯೊಳಗೆ ಅಣಿಗೊಳಿಸಬೇಕು. ಆಗದಿದ್ದರೆ ಕುರ್ಚಿ ಇನ್ನೊಬ್ಬರ ಪಾಲು.

ಹೊಸಬರಿಗೆಂದು ಬರೆದಿಟ್ಟ ಸೂಚನೆಗಳು ಅಲ್ಲಿರಲಿಲ್ಲ. ಪಕ್ಕದವರನ್ನು ಕೇಳುವುದು, ಅವರು ತಮ್ಮ ಪಕ್ಕದವರನ್ನು ಕೇಳಿ ಹೇಳುವುದು, ಇದೇ ಪದ್ಧತಿ. ಬೆಳಗಿನಿಂದ ಒಂದನ್ನು ಇನ್‌ಸ್ಟಾಲ್ ಮಾಡಿದರೆ ಅದು ಇನ್ನೊಂದನ್ನು ಬೇಡುತ್ತಿತ್ತು; ಅದನ್ನು ತಂದು ಹಾಕಿದರೆ ಮೊದಲಿನದು ಮುನಿಸಿಕೊಳ್ಳುತ್ತಿತ್ತು. ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು. ಆಕೆ ಕಿಟಕಿಯವರೆಗೆ ಹೋಗಿ ಬಂದಳು, ನೀರು ಕುಡಿದಳು, ಮತ್ತೆ ಎದ್ದಳು.

"ಅಕ್ಕಾ, ಒಂದ್ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನಂಗೇ ತಲೆ ಸುತ್ತು ಬರ್ತಿದೆ," ಎಂದ ಪಕ್ಕದ ಮೇಜಿನವನು. ಮಾತುಮಾತಿಗೂ ಪಾಠ ಹೇಳುವ ಅವನು ಎಲ್ಲರ ಬಾಯಲ್ಲೂ ಮೇಷ್ಟ್ರು.

"ಡೇಟಾಬೇಸೇ ಸಿಗ್ತಿಲ್ಲ ಅಂತಿದೆ, ಮೇಷ್ಟ್ರೇ."

"ನನ್ನದ್ರಲ್ಲಿ ಓಡ್ತಿದೆಯಲ್ಲ! ಕುಣಿಯಲಾರದವಳಿಗೆ ನೆಲ ಡೊಂಕಂತೆ. ತಗೊಳ್ಳಿ, ನನ್ನ ಸೆಟ್ಟಿಂಗ್ಸ್ ಫೈಲನ್ನೇ ಹಾಕ್ಕೊಳ್ಳಿ."

ಹಾಕಿಕೊಂಡಳು. ಪುಟ ತಟ್ಟನೆ ತೆರೆದುಕೊಂಡಿತು. ಹೆಸರು, ಸಮಯ, ವೈದ್ಯರು ಎಲ್ಲವೂ ಸಾಲಾಗಿ ನಿಂತಿದ್ದವು. ಪ್ರಯೋಗಕ್ಕೆಂದು ಯಾರೋ ತುಂಬಿಸಿದ ಸುಳ್ಳು ಹೆಸರುಗಳಿರಬೇಕೆಂದುಕೊಂಡು, ಗುಂಡಿ ಕೆಲಸ ಮಾಡುತ್ತದೆಯೇ ನೋಡಲು ಒಂದರ ಎದುರಿನ 'ರದ್ದು' ಒತ್ತಿದಳು. ಸಾಲು ಮಾಯವಾಯಿತು. ಮಾಯವಾಗುವ ಮುನ್ನ ಅದರ ಕೆಳಗಿದ್ದ ಟಿಪ್ಪಣಿ ಕಣ್ಣಿಗೆ ಬಿದ್ದಿತ್ತು: 'ಅಜ್ಜಿಗೆ ಬಲಗಿವಿ ಕೇಳಿಸದು. ಎಡಬದಿಯಿಂದ ಮಾತಾಡಿಸಿ, ಇಲ್ಲದಿದ್ದರೆ ಬೆದರುತ್ತಾರೆ.'

ಇಂಥ ಮಾತನ್ನು ಯಾರೂ ಸುಮ್ಮನೆ ಕಲ್ಪಿಸಿ ಬರೆಯುವುದಿಲ್ಲ. ಎದುರಿಗೆ ಆ ಜೀವ ಬಂದು ನಿಂತಾಗಲೇ ಬರೆಯುವುದು. ತಾನೇ ಎಷ್ಟೋ ಬಾರಿ ಬರೆದಿದ್ದಳಲ್ಲ.

"ಮೇಷ್ಟ್ರೇ, ನಿಮ್ಮ ಫೈಲು ಯಾವ ಡೇಟಾಬೇಸಿಗೆ ಹೋಗತ್ತೆ?"

ಅವನು ಬಗ್ಗಿ ನೋಡಿದ. "ಅಯ್ಯೋ! ಮೊನ್ನೆ ಒಂದು ದೂರು ನೋಡೋಕೆ ರೋಗಿಗಳ ಅಸಲಿ ಡೇಟಾಬೇಸಿಗೇ ಜೋಡಿಸಿದ್ದೆ. ಬಿಡಿಸೋದು ಮರ್ತೇಹೋಯ್ತು." ಆಮೇಲೆ ದನಿ ತಗ್ಗಿಸಿದ. "ಒಂದೇ ಹೆಸರು ತಾನೇ? ಸುಮ್ನಿದ್ದುಬಿಡಿ ಅಕ್ಕ. ಪುಟ ಓಡ್ತಿದೆ, ಸಂಜೆ ಇದನ್ನೇ ತೋರಿಸಿ. ಯಾರಿಗೆ ಗೊತ್ತಾಗತ್ತೆ?"

"ಆಸ್ಪತ್ರೆ ಬಾಗಿಲಿಂದ ವಾಪಸ್ ಹೋಗೋ ಅಜ್ಜಿಗೆ ಗೊತ್ತಾಗತ್ತೆ."

ಕಚೇರಿಯ ಒಡತಿಯ ಕೋಣೆಗೆ ಹೋಗುವ ದಾರಿ ಅಷ್ಟು ಉದ್ದವೆಂದು ಆಕೆಗೆ ಮೊದಲು ಅನಿಸಿರಲಿಲ್ಲ. ಕೇಳಿದ ಒಡತಿ ಬೈಯಲಿಲ್ಲ. ನೇರ ಆಸ್ಪತ್ರೆಗೆ ಫೋನು ಹಚ್ಚಿದಳು. ರದ್ದಾಗಿ ತೆರವಾದ ಅಜ್ಜಿಯ ಸಮಯವನ್ನು, ಸರದಿಗೆ ಕಾಯುತ್ತಿದ್ದ ಇನ್ನೊಬ್ಬರು ಆಗಲೇ ಹಿಡಿದಿದ್ದರು. ಅತ್ತಲಿನ ಹೆಸರು ಬರೆಯುವ ಹುಡುಗಿ ಬೇರೆ ಸಮಯ ಕೊಡಲಾಗದು ಎಂದು ಪಟ್ಟು ಹಿಡಿದಾಗ ಬುಗುರಿ ಕೈ ಚಾಚಿ ಫೋನು ತೆಗೆದುಕೊಂಡಳು.

"ಡಾಕ್ಟ್ರು ಊಟಕ್ಕೆ ಏಳೋ ಮುಂಚೆ ಕೊನೇ ಹೆಸರಿನ ಹಿಂದೆ ಒಂದು ಸೇರಿಸ್ಕೊಳ್ಳಮ್ಮ. ಗೊಣಗ್ತಾರೆ, ಆದ್ರೆ ನೋಡ್ತಾರೆ."

"ಗೊಣಗೋದು ನಿಮಗೆ ಹೇಗೆ ಗೊತ್ತು?"

"ನಾನೂ ಅಂಥದೇ ಕುರ್ಚಿ ಸವೆಸಿದೋಳು ಕಣಮ್ಮ."

ಅತ್ತ ನಗು ಕೇಳಿಸಿತು. "ಸರಿ, ಬರೋಕೆ ಹೇಳಿ."

ಅಜ್ಜಿಯ ಮನೆಗೆ ಸುದ್ದಿ ಮುಟ್ಟಿಸಿದ ಮೇಲೆ, ಆಕೆ ತನ್ನ ಕೈಯಾರೆ ಆ ಫೈಲನ್ನು ಅಳಿಸಿದಳು. ಪುಟ ಕುಸಿಯಿತು, ಕೆಂಪು ಸಾಲುಗಳು ಮರಳಿದವು. ಉಳಿದ ಹಗಲೆಲ್ಲ ಹೆಣಗಿದರೂ ಅವು ಹೋಗಲಿಲ್ಲ. ಸಂಜೆ ಒಡತಿ ಬಂದು ಪರದೆ ನೋಡಿದಳು.

"ಓಡ್ತಿಲ್ಲ ಮೇಡಂ," ಎಂದಳು ಬುಗುರಿ. ಬ್ಯಾಗು ಆಗಲೇ ಹೆಗಲಲ್ಲಿತ್ತು.

"ಓಡಬಾರದ್ದು ಓಡೋಕಿಂತ ವಾಸಿ. ನಾಳೆ ಮೇಷ್ಟ್ರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ಮೊದಲು ನಿಮ್ಮದೇ ಒಂದು ಖಾಲಿ ಡೇಟಾಬೇಸ್ ಹಾಕಿ."

"ಅಂದ್ರೆ... ನಾಳೆ ಬರಲಾ?"

"ಬರದೆ ಮತ್ತೆ? ಫೋನಲ್ಲಿ ಆ ಹುಡುಗೀನ ಒಪ್ಪಿಸೋಕೆ ನಮ್ಮಲ್ಲಿ ಇನ್ಯಾರಿಗೆ ಬರತ್ತೆ?"

ನಾಳೆಯವರೆಗೆ ಕಾಯುವುದು ಆಕೆಯ ಜಾಯಮಾನವಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ತಡ, ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದು ತನ್ನ ಖಾಲಿ ಡೇಟಾಬೇಸಿಗೆ ಇಡಲೆಂದು ಹೆಸರೊಂದನ್ನು ಟೈಪಿಸಿದಳು, ಅಳಿಸಿದಳು, ಮತ್ತೆ ಟೈಪಿಸಿದಳು.