ಜಗದೇವಿ ಕೇಳಿದ ಬಾಗಿಲು

ನಾಳೆಯ ಮನೆಯಿಂದ ಜನರಿಗೆ ನಿಜಕ್ಕೂ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವ ಕೆಲಸವೊಂದು ನನ್ನ ಪಾಲಿಗೆ ಬಂದಿತ್ತು. ನಾಸಿಕ್‌ನ ಪಾಥರ್ಡಿ ಫಾಟಾ ಹತ್ತಿರ ನಮ್ಮ ಬಿಲ್ಡರು ಹದಿನಾಲ್ಕು ಮಹಡಿ ಎಬ್ಬಿಸುತ್ತಿದ್ದರು. ನಾಲ್ಕನೆಯ ಮಹಡಿಯ ಒಂದೇ ಒಂದು ಫ್ಲ್ಯಾಟನ್ನು ಮೊದಲೇ ಮುಗಿಸಿ, ಸಿಂಗರಿಸಿ, ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದರು. ತೋರಿಸುವವಳು ನಾನು, ಕಮಲಾಕ್ಷಿ. ಅಪ್ಪ ಧಾರವಾಡದಿಂದ ಓಝರ್‌ನ ವಿಮಾನ ಕಾರ್ಖಾನೆಗೆ ಎಂಜಿನಿಯರಾಗಿ ಬಂದವರು, ನಾನು ಹುಟ್ಟಿದ್ದೇ ಇಲ್ಲಿ. ಮರಾಠಿಯಲ್ಲಿ ಮನೆ ಮಾರುತ್ತೇನೆ, ಕನ್ನಡದಲ್ಲಿ ಬೈಯುತ್ತೇನೆ.

ಆ ಫ್ಲ್ಯಾಟಿನ ಒನಪು ಹೇಳತೀರದು. ಪರದೆ ತಾನೇ ಸರಿಯುತ್ತದೆ, ದೀಪ ತಾನೇ ಹೊತ್ತುತ್ತದೆ, ಬೆರಳು ಮುಟ್ಟಿಸಿದರೆ ಬಾಗಿಲು ತೆರೆಯುತ್ತದೆ. ಜನಕ್ಕೆ ಅದೂ ಸಾಲದು. ಪಿಂಪಳಗಾಂವ್ ಬಸವಂತ್‌ನ ದ್ರಾಕ್ಷಿ ತೋಟದ ಯಜಮಾನರಿಗೆ ತಾನೇ ತೂಗುವ ಉಯ್ಯಾಲೆ ಬೇಕು. ಸಟಾಣಾದ ದಾಳಿಂಬೆ ಸಾಹುಕಾರನಿಗೆ ಹಾಸಿಗೆಯಲ್ಲಿ ಬಿದ್ದುಕೊಂಡೇ ತೋಟ ನೋಡುವ ಗೋಡೆ ಬೇಕು. ಎಲ್ಲವನ್ನೂ ಹಲ್ಲು ಕಿರಿದು ಬರೆದುಕೊಂಡೆ. ಇನ್ನೂ ಕೆಲವು ಫಾರಂ ಉಳಿದಿದ್ದವು. ಮೆಟ್ಟಿಲ ಬಳಿ ಕೂತು ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ ಜಗದೇವಿಯನ್ನು ತಮಾಷೆಗೆಂದು ಕೇಳಿದೆ.

"ನಾ ಏನ್ ಹೇಳ್ಲಿ ಅಕ್ಕಾರ," ಎಂದಳು, ಕೈ ನಿಲ್ಲಿಸದೆ. "ಒಳಗಿಂದ ಹಾಕ್ಕೊಳ್ಳಾಕ ಒಂದ್ ಚಿಲಕ ಇರಬೇಕ ನೋಡ್ರಿ. ಒದ್ರ ಮುರೀಬಾರ್ದು. ಮತ್ತೇನ್ ಬ್ಯಾಡ್ರಿ."

ನಾನು 'ಸುರಕ್ಷತೆ' ಎಂಬ ಚೌಕದಲ್ಲಿ ಟಿಕ್ ಹಾಕಿ ಮುಂದೆ ಹೋದೆ. ಅದು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಜಗದೇವಿ ಇಂಡಿ ಕಡೆಯವಳು. ಹದಿನೆಂಟಕ್ಕೆ ಮದುವೆಯಾಗಿ ತುಕಾರಾಮನ ಹಿಂದೆ ಛತ್ರಪತಿ ಸಂಭಾಜಿನಗರಕ್ಕೆ ಬಂದಳು. ಆಗ ಆ ಊರಿಗೆ ಬೇರೆ ಹೆಸರಿತ್ತು. ಕಟ್ಟಡ ಎದ್ದಲ್ಲೆಲ್ಲ ಅವಳ ತಗಡಿನ ಖೋಲಿ. ಈ ಖೋಲಿಗಳ ಒಂದು ಸಂಗತಿ, ಹತ್ತು ವರ್ಷ ಇದೇ ಧಂಧೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಅವು ಮೊದಲು ಸಿಮೆಂಟಿನ ಗೋದಾಮು, ಆಮೇಲೆ ಕೂಲಿಯವರ ಮನೆ, ಅವರು ಹೋದ ಮೇಲೆ ಮತ್ತೆ ಗೋದಾಮು. ಅದಕ್ಕೇ ಚಿಲಕ ಹೊರಗೆ ಮಾತ್ರ ಇರುತ್ತದೆ. ಸಿಮೆಂಟಿನ ಚೀಲ ಒಳಗಿಂದ ಬಾಗಿಲು ಹಾಕಿಕೊಳ್ಳುತ್ತದೆಯೇ? ಹದಿನಾರು ವರ್ಷ ಜಗದೇವಿ ಬಾಳಿದ್ದು ಹೊರಗಿಂದ ಹಾಕುವ ಮನೆಗಳಲ್ಲಿ.

ಹಾಕುವವನು ತುಕಾರಾಮ, ಬಾಗಿಲು ಕೂಡಿಸುವ ಮಿಸ್ತ್ರಿ. ಅವನ ಕಸಬಿಗೆ ಹೆಸರು ಇಡುವಂತಿಲ್ಲ. ಅವನು ಕೂಡಿಸಿದ ಬಾಗಿಲು ಒಂದು ಬೆರಳಿಗೆ ಸದ್ದಿಲ್ಲದೆ ಮುಚ್ಚುತ್ತದೆ, ಮಳೆಗಾಲದಲ್ಲೂ ಬಿಗಿಯುವುದಿಲ್ಲ. ಸೈಟಿನಲ್ಲಿ ಸದಾ ನಗುಮುಖ, ನನಗೆ ದಿನಾ ಕೈ ಮುಗಿದು ನಮಸ್ಕಾರ. ಖೋಲಿ ಹೊಕ್ಕನೆಂದರೆ ಕೈಗೆ ಸಿಕ್ಕಿದ್ದೆಲ್ಲ ಆಯುಧವೆಂದು ಆಮೇಲೆ ಜಗದೇವಿಯಿಂದಲೇ ತಿಳಿಯಿತು. ಗೋಡೆಯ ಮಟ್ಟ ನೋಡುವ ಅಲ್ಯೂಮಿನಿಯಂ ಪಟ್ಟಿಯಿಂದ ಅವಳ ಕೆಳಗಿನ ಎರಡು ಹಲ್ಲು ಉದುರಿಸಿದ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತಂತೆ. ಕಾದ ಹಂಚಿಗೆ ಅಂಗೈ ಒತ್ತಿ ಹಿಡಿದ. ಅದಕ್ಕೆ ಕಾರಣವೇ ಇರಲಿಲ್ಲ. ದೌಲತಾಬಾದ್ ರಸ್ತೆಯ ಸೈಟಿನಲ್ಲಿ ಐದು ತಿಂಗಳ ಬಸುರಿಯ ಹೊಟ್ಟೆಗೆ ಒದ್ದು, ಹೊರಗಿಂದ ಕುಲುಪು ಜಡಿದು ಕೆಲಸಕ್ಕೆ ಹೋದ. ಸಂಜೆ ಅವನು ಬಂದು ತೆಗೆಯುವಷ್ಟರಲ್ಲಿ ರಕ್ತ ತಗಡಿನ ಅಡಿಯಿಂದ ಹೊರಗೆ ಹರಿದು ಒಣಗಿತ್ತು. ಮಗು ಉಳಿಯಲಿಲ್ಲ. ಅಟ್ಟಣಿಗೆಯಿಂದ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಅವಳ ಬಾಯಿಂದಲೇ ಹೇಳಿಸಿದ. ಕೆಲಸದಲ್ಲಿ ಬಿದ್ದಳೆಂದರೆ ಕೇಸು ತನ್ನ ತಲೆಗೆ ಬರುತ್ತದೆಂದು ಹೆದರಿದ ಗುತ್ತಿಗೆದಾರ ಇಬ್ಬರನ್ನೂ ನಾಸಿಕ್‌ಗೆ ಸಾಗಹಾಕಿದ.

ರಂಗಪಂಚಮಿಯ ಹಿಂದಿನ ದಿನ, ಊಟದ ಹೊತ್ತಿಗೆ, ಜಗದೇವಿ ನನ್ನ ಆಫೀಸಿನೊಳಗೆ ಬಂದು ನಿಂತಳು. ಎಡಗಿವಿಯ ಓಲೆಯನ್ನು ತುಕಾರಾಮ ಎಳೆದು ಕಿತ್ತಿದ್ದ. ಹಾಲೆ ಸೀಳಿ ಎರಡಾಗಿ ಜೋತಿತ್ತು.

"ಅಕ್ಕಾರ, ಈ ಸಲ ಅಂವಾ ನನ್ನ ಉಳಸಂಗಿಲ್ರಿ. ಗೇಟಿನ್ಯಾಗ ಕುಂತು ಉಳಿ ಮಸ್ಯಾಕ ಹತ್ಯಾನ."

ಪೊಲೀಸರನ್ನು ಕರೆಯುತ್ತೇನೆ ಎಂದೆ. ಅವಳು ನನ್ನ ಫೋನಿನ ಮೇಲೆ ಕೈ ಇಟ್ಟಳು.

"ಹಲ್ಲ ಹೋದಾಗ ಹೋಗಿದ್ನಿರಿ. ಇಬ್ಬರಿಗೂ ಬುದ್ಧಿ ಹೇಳಿ ಕಳಿಸಿದ್ರು. ಆಮ್ಯಾಲ ಖೋಲ್ಯಾಗ ಇರಾವ್ರು ನಾನೂ ಅವ್ನೂ ಇಬ್ಬರ."

ನನಗೆ ಮೈ ಉರಿಯಿತು. ಔಷಧಿ ಪೆಟ್ಟಿಗೆಯ ಹತ್ತಿ ಒತ್ತಿ ಕಿವಿ ಕಟ್ಟಿದೆ, ಹಿಂದಿನ ಮೆಟ್ಟಿಲಿಂದ ಅವಳನ್ನು ನಾಲ್ಕನೆಯ ಮಹಡಿಗೆ ಒಯ್ದೆ. ಗೇಟಿನಲ್ಲಿ ಅವನಿರುವಾಗ ಹೊರಗೆ ಒಯ್ಯುವಂತಿರಲಿಲ್ಲ. ಮರುದಿನ ಸೈಟಿಗೆ ರಜೆ, ಗಿರಾಕಿಗಳೂ ಬರುವುದಿಲ್ಲ. ಅದರ ಮರುದಿನ ನಾನೇ ಕಾರಿನಲ್ಲಿ ಸಂಭಾಜಿನಗರದ ಅವಳ ಅಕ್ಕ ಚನಬಸವ್ವನ ಮನೆಗೆ ಮುಟ್ಟಿಸುವುದೆಂದು ಗೊತ್ತುಮಾಡಿಕೊಂಡೆವು. ಬೀಗಕ್ಕೆ ಅವಳ ಬೆರಳು ಸೇರಿಸಲು ನೋಡಿದೆ. ಹತ್ತು ಬೆರಳಿಗೂ ಕೆಂಪು ದೀಪವೇ. ಸಿಮೆಂಟು ಅವಳ ಬೆರಳಿನ ಗೆರೆಗಳನ್ನೆಲ್ಲ ತಿಂದುಹಾಕಿತ್ತು.

"ಇರಲಿ ಬಿಡು, ನೀನು ಒಳಗೇ ಇರು," ಎಂದೆ. "ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ. ನನ್ನ ಬೆರಳು ಬಿಟ್ಟು ಯಾರಿಗೂ ತೆಗೆಯೋದಿಲ್ಲ."

ಎಷ್ಟು ಧಿಮಾಕಿನಿಂದ ಹೇಳಿದೆ! ಗಿರಾಕಿಗಳಿಗೆ ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ರಂಗಪಂಚಮಿಯ ದಿನ ಓಝರ್‌ನಲ್ಲಿ ಅಪ್ಪನಿಗೆ ಊಟ ಬಡಿಸುತ್ತಿದ್ದೆ. ಹನ್ನೊಂದಕ್ಕೆ ಫೋನಿಗೆ ಬಂದ ಸಂದೇಶವನ್ನು ದಿನಾ ಬರುವುದೇ ಎಂದು ಬಿಟ್ಟಿದ್ದೆ: ಪರದೆಗಳು ತೆರೆದಿವೆ. ಗಿರಾಕಿಗಳಿಗಾಗಿ ದಿನಾ ಹನ್ನೊಂದಕ್ಕೆ ಪರದೆ ಸರಿಯುವಂತೆ ನಾನೇ ಇಟ್ಟಿದ್ದೆ, ನಿಲ್ಲಿಸಲು ಮರೆತಿದ್ದೆ. ಕೆಳಗೆ ಬಣ್ಣದಾಟದಲ್ಲಿದ್ದ ತುಕಾರಾಮ ತಲೆ ಎತ್ತಿದಾಗ ಗಾಜಿನ ಹಿಂದೆ ಹೆಂಡತಿ ನಿಂತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೊಂದು ಸಂದೇಶ: ಮುಖ್ಯ ಬಾಗಿಲು ತೆರೆದಿದೆ. ಬಳಕೆದಾರ ಒಂದು. ಮನೆಗೆ ಸ್ವಾಗತ.

ಬೀಗ ಕೂಡಿಸಿದ ಮಿಸ್ತ್ರಿ ಅದು ಸರಿಯಿದೆಯೇ ಎಂದು ಮೊದಲು ತನ್ನ ಬೆರಳನ್ನೇ ಸೇರಿಸಿ ನೋಡುತ್ತಾನೆ. ಹೆಬ್ಬೆರಳು ಸವೆದಿರುತ್ತದೆಂದು ಕಿರುಬೆರಳು. ಮನೆ ಮಾಲೀಕನ ಕೈ ಸೇರುವ ದಿನ ಅದನ್ನು ಅಳಿಸುವುದು ಎಲ್ಲ ಸೈಟಿನ ರೂಢಿ. ತೋರಿಸುವ ಮನೆಗೆ ಮಾಲೀಕನೆಲ್ಲಿ? ಯಾರೂ ಅಳಿಸಿರಲಿಲ್ಲ. ಆ ಮನೆಯ ಮೊದಲ ಹಕ್ಕುದಾರ ತುಕಾರಾಮ, ಮತ್ತು ಅವಳನ್ನು ಅಲ್ಲಿ ಕೂಡಿಹಾಕಿದವಳು ನಾನು.

ಫೋನಿನಲ್ಲಿ ಹಾಲಿನ ಕ್ಯಾಮೆರಾ ತೆರೆದೆ. ಮನೆಯೇ ಅವನಿಗೆ ದೀಪಗಳನ್ನೆಲ್ಲ ಹೊತ್ತಿಸಿ ಕೊಟ್ಟಿತ್ತು. ಮೈತುಂಬ ಕೆಂಪು ಬಣ್ಣ, ಕೈಯಲ್ಲಿ ಉಳಿ. ಜಗದೇವಿ ಅಡುಗೆ ಕಟ್ಟೆಯ ಮೇಲಿನ ಚಾಕುಗಳ ಗೂಡಿಗೆ ಕೈ ಹಾಕಿ ದೊಡ್ಡ ಚಾಕು ಎಳೆದು ಅವನ ಕುತ್ತಿಗೆಗೆ ತಿವಿದಳು. ಚಾಕು ಬಗ್ಗಿತು. ತೋರಿಸುವ ಮನೆಯ ಚಾಕು ಪ್ಲಾಸ್ಟಿಕ್ಕಿನದು. ಅವನು ನಕ್ಕ. ಅವಳ ಕೂದಲು ಹಿಡಿದು ಮುಖವನ್ನು ಗಾಜಿನ ಮೇಜಿಗೆ ಅಪ್ಪಳಿಸಿದ, ಎತ್ತಿ ಮತ್ತೆ ಅಪ್ಪಳಿಸಿದ. ಗಾಜು ಒಡೆದು ಚೂರಾಯಿತು. ಉಳಿಯನ್ನು ಹೆಗಲಿಗೆ ಇಳಿಸಿದ.

"ತುಕಾರಾಮ! ಬಿಡೋ ಅವಳನ್ನ!" ಎಂದು ಫೋನಿಗೆ ಕಿರುಚಿದೆ. ನನ್ನ ದನಿ ಆ ಮನೆಯ ಸೂರಿನ ಸ್ಪೀಕರಿನಿಂದ ಕೇಳಿಸಿತು. ಅವನು ತಲೆ ಎತ್ತಿ, ರಕ್ತದ ಕೈ ಜೋಡಿಸಿದ.

"ನಮಸ್ಕಾರ ಮೇಡಂ. ಇದು ಮನೀ ವಿಷಯ ಐತ್ರಿ. ನೀವ್ ನಡುವ ಬರಬ್ಯಾಡ್ರಿ."

ಅವನು ಕೈ ಜೋಡಿಸಿದ ಅಷ್ಟೇ ಹೊತ್ತಿನಲ್ಲಿ ಅವಳು ಅವನ ಮೊಣಕಾಲಿಗೆ ಒದ್ದು, ತೆವಳಿ, ಬಚ್ಚಲು ಹೊಕ್ಕು ಚಿಲಕ ಹಾಕಿಕೊಂಡಳು. ಬಚ್ಚಲಿನ ಬಾಗಿಲನ್ನು ಯಾವ ಗಿರಾಕಿಯೂ ನೋಡುವುದಿಲ್ಲವೆಂದು ಬಿಲ್ಡರು ಅದಕ್ಕೆ ಸಾದಾ ಉಕ್ಕಿನ ಚಿಲಕ ಹಾಕಿಸಿದ್ದರು. ತುಕಾರಾಮ ಒದ್ದ, ಭುಜ ಕೊಟ್ಟು ಗುದ್ದಿದ, ಉಳಿಯಿಂದ ಕೆತ್ತಿದ. ಬಾಗಿಲು ತಿರುಗುವ ಬಿಜಾಗ್ರಿಗಳು ಒಳಬದಿಗಿದ್ದವು, ಕಳಚುವಂತಿರಲಿಲ್ಲ. ಆ ಬಾಗಿಲನ್ನು ಕೂಡಿಸಿದವನೂ ಅವನೇ, ಹೇಳಿದ್ದಕ್ಕಿಂತ ಒಂದು ಅಳತೆ ಉದ್ದದ ಸ್ಕ್ರೂ ಹಾಕಿ. ಹನ್ನೊಂದು ನಿಮಿಷ ಒದ್ದರೂ ಅದು ಅಲುಗಲಿಲ್ಲ.

ಅಪ್ಪನ ಫೋನಿನಿಂದ ಕರೆ ಮಾಡಿದಾಗ ಸೈಟಿನ ಕಾವಲುಗಾರ ರೇವಣಪ್ಪ ಸಿಕ್ಕ, ನಾಲ್ಕು ಜನರನ್ನು ಕರೆದುಕೊಂಡು ಮೇಲೆ ಹೋದ. ಕೆಂಪಾದ ತುಕಾರಾಮನನ್ನು ಕಂಡು ಹಬ್ಬದ ಬಣ್ಣವೆಂದು ಮೊದಲು ನಕ್ಕುಬಿಟ್ಟರಂತೆ. ಬಚ್ಚಲಿನಿಂದ ಹರಿದು ಬಂದ ರಕ್ತ ಕಾಲಿಗೆ ತಾಗಿದ ಮೇಲೆ ಅವನನ್ನು ಕೆಡವಿ ಕಟ್ಟಿದರು. ನಾನು ಹೋದ ಮೇಲೆ ಚಪ್ಪಲಿ ಹರಿಯುವವರೆಗೆ ಅವನ ಮುಖಕ್ಕೆ ಹೊಡೆದೆ. ಅದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ. ಜಗದೇವಿ ಮಾತ್ರ ನಾನು ಕರೆದರೂ ಅರ್ಧ ಗಂಟೆ ಚಿಲಕ ತೆಗೆಯಲಿಲ್ಲ.

ಕ್ಯಾಮೆರಾದಲ್ಲಿದ್ದುದನ್ನು ಅಳಿಸಿಬಿಡಿ, ಗಿರಾಕಿಗಳು ಹೆದರುತ್ತಾರೆ ಎಂದರು ಮ್ಯಾನೇಜರ್ ಅವಿನಾಶ್. ನಾನು ಪೊಲೀಸರಿಗೆ ಕೊಟ್ಟೆ. ಕೆಲಸ ಹೋಯಿತು, ಹೋಗಲಿ. ತುಕಾರಾಮನಿಗೆ ನಾಲ್ಕು ತಿಂಗಳಿಗೆ ಜಾಮೀನು ಸಿಕ್ಕಿತು. ಅವನ ಕೈಗುಣ ಬಲ್ಲವರು ಈಗಲೂ ಬಾಗಿಲು ಕೂಡಿಸಲು ಕರೆಯುತ್ತಾರೆ.

ಹೋದ ತಿಂಗಳು ಸಂಭಾಜಿನಗರಕ್ಕೆ ಹೋಗಿದ್ದೆ. ಚನಬಸವ್ವ ತಂಗಿಗೆ ಒಂದು ಕೋಣೆಯನ್ನೇ ಬಿಟ್ಟುಕೊಟ್ಟಿದ್ದಾಳೆ. ಫ್ಯಾನಿದೆ, ಮಂಚವಿದೆ, ಬಾಗಿಲಿಗೆ ಒಳಗಿಂದ ಗಟ್ಟಿ ಚಿಲಕವೂ ಇದೆ. ಜಗದೇವಿಗೆ ಒಂದು ಕಿವಿ ಕೇಳುವುದಿಲ್ಲ, ಎಡಗೈ ಮೇಲೇಳುವುದಿಲ್ಲ. ಕೈ ತೊಳೆಯಲು ಬಚ್ಚಲಿಗೆ ಹೋದರೆ ಅಲ್ಲಿ ಮಡಚಿಟ್ಟ ಚಾಪೆ, ಕೌದಿ, ತಲೆದಿಂಬು.

"ಇಲ್ಲೇಕೆ?" ಎಂದೆ.

"ಮಂಚದ ಮ್ಯಾಲ ಮಕ್ಕೊಂಡ್ರ ಬಾಗಲಾ ದೂರ ಆಗ್ತದ್ರಿ ಅಕ್ಕಾರ," ಎಂದಳು. "ಇಲ್ಲಾದ್ರ ಬೆನ್ನ ಬಾಗಲಕ್ಕ ಹಚ್ಚಿ, ಕಾಲ ಗ್ವಾಡಿಗೆ ಕೊಟ್ಟು ಮಕ್ಕೋತೀನಿ. ಅಂವಾ ಒದ್ರೂ ನಾ ಹಿಡೀತೀನ್ರಿ."

ಬಾಗಿಲಿಂದ ಗೋಡೆಗೆ ಎಷ್ಟು ದೂರವೆಂದು ನೋಡಿದೆ. ಸರಿಯಾಗಿ ಅವಳ ಮೈಯಷ್ಟೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಬಲಗೈಯಿಂದ ನನ್ನ ಭುಜ ಹಿಡಿದು, ಚಹಾ ಆರುತ್ತದೆ ಬರ್ರಿ ಎಂದು ಹೊರಗೆ ಕರೆದುಕೊಂಡು ಹೋದಳು.