ಒಳಗಿನಿಂದ ಚಿಲಕ ಹಾಕಿದ ಬಾಗಿಲು

ಭೂಗೋಳದ ಮಾಸ್ತರನಾಗಿದ್ದ ನನಗೆ ಕಾಗಿಣಾ ನದಿಯೆಂದರೆ ಬಹುಕಾಲ ಬೋರ್ಡಿನ ಮೇಲೊಂದು ನೀಲಿ ಗೀರು. ತೆಲಂಗಾಣದ ಗುಡ್ಡಗಳಲ್ಲಿ ಹುಟ್ಟಿ, ಸೇಡಂ, ಚಿತ್ತಾಪುರ ಸೀಮೆ ದಾಟಿ, ಶಹಾಬಾದಿನ ಹತ್ತಿರ ಭೀಮೆಯನ್ನು ಕೂಡುತ್ತದೆ. ಸೇರಬೇಕಾದ ಸಮುದ್ರ ಪೂರ್ವಕ್ಕಿದ್ದರೆ ಇದು ಹೊರಡುವುದು ಪಶ್ಚಿಮಕ್ಕೆ. ಭೀಮೆ ಕೈಹಿಡಿದ ಮೇಲೆಯೇ ತಿರುಗಿ ದಾರಿಗೆ ಬರುತ್ತದೆ. ನಾನೂ ಮದುವೆಯಾದ ಮೇಲೆ ದಾರಿಗೆ ಬಂದವನಾದ್ದರಿಂದ ನದಿಯನ್ನು ಆಡಿಕೊಳ್ಳುವುದಿಲ್ಲ.

ನಮ್ಮ ಮನೆ ದಂಡೋತಿಯ ಕೆಳಗೆ, ಹೊಳೆದಂಡೆಯಲ್ಲಿದೆ. ಹೊಳೆ ಬಂದು ಇಳಿದ ಮೇಲೆ ಮೇಲಿನ ಊರುಗಳ ಕುಂಬಳಕಾಯಿ, ಕೊಡ, ಒಂಟಿ ಚಪ್ಪಲಿ ನಮ್ಮಲ್ಲಿಗೆ ಬರುತ್ತವೆ. ಅವನ್ನು ಯಾರೂ ಮನೆಯೊಳಗೆ ಒಯ್ಯುವುದಿಲ್ಲ. ಬೇವಿನ ಗಿಡದ ಕೆಳಗಿಟ್ಟು, ಕಳಕೊಂಡವರಿಗೆ ಸುದ್ದಿ ಮುಟ್ಟಲೆಂದು ಸೇಡಂ ಬಸ್ಸಿನ ಕಂಡಕ್ಟರನ ಕಿವಿಗೆ ಹಾಕುತ್ತೇವೆ.

ಕಳೆದ ಮಳೆಗಾಲದಲ್ಲಿ ಒಂದು ಬಾಗಿಲೇ ಬಂತು, ಚೌಕಟ್ಟಿನ ಸಮೇತ. ಗಿಡಕ್ಕೆ ಒರಗಿಸಿದಾಗ ನೋಡಿದೆವು, ಒಳಗಿನಿಂದ ಚಿಲಕ ಹಾಕಿತ್ತು. ಒಳಗೆ ಎನ್ನಲು ಅದಕ್ಕೀಗ ಮನೆಯೇ ಇರಲಿಲ್ಲ. ಹಾಕಿದವರು ಬದುಕಿದರೋ ಇಲ್ಲವೋ ತಿಳಿಯಲಿಲ್ಲ.

ಚಿಲಕ ತೆಗೆದು ಒಣಗಿಸೋಣ ಎಂದೆ. ಹೆಂಡತಿ ಪದ್ಮಾ ನನ್ನ ಕೈ ಹಿಡಿದಳು.

"ಅದನ್ನ ಒಳಗಿನವರೇ ತೆಗೀಬೇಕ್ರಿ. ಅವರು ಅದಾರೋ ಇಲ್ಲೋ ತಿಳೀಲಿ, ಆಮ್ಯಾಗ ಮುಟ್ರಿ."

ಅಂದಿನಿಂದ ಅದರ ಮುಂದೆ ಚಪ್ಪಲಿ ಸಪ್ಪಳ ಮಾಡದೆ ಹಾಯತೊಡಗಿದೆ. ಗಾಳಿಯಿಲ್ಲದಾಗಲೂ ಕದ ತುಸು ಅಲುಗಿ ಸುಮ್ಮನಾಗುತ್ತಿತ್ತು. ದೆವ್ವ ಭೂತ ಸುಳ್ಳೆಂದು ಮಕ್ಕಳಿಗೆ ಪಾಠ ಹೇಳಿದ ನಾನು, ಮಟಮಟ ಮಧ್ಯಾಹ್ನ ಅದರ ಹಿಂದೆ ಇಣುಕಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದೆ. ನನ್ನ ನೀಲಿ ಗೀರಿನ ಪಕ್ಕದಲ್ಲಿ ಮನೆಗಳೂ ಇದ್ದವೆಂಬುದು ಆಗಲೇ ಹೊಳೆದದ್ದು.

ದಸರೆಯ ಹೊತ್ತಿಗೆ ಸೇಡಂ ಬಸ್ಸಿನಿಂದ ಮುದುಕಿಯೊಬ್ಬಳು ಇಳಿದಳು. ಹೆಸರು ಹಾಜರಾಬಿ, ಮೇಲಿನ ಹಳ್ಳಿಯವಳಂತೆ. ನೆಟ್ಟಗೆ ಬಂದವಳು, ಸುತ್ತ ಬಯಲೇ ಇದ್ದರೂ, ಕದ ತಟ್ಟಿ ಕಿವಿಗೊಟ್ಟು ನಿಂತಳು. ಅಂದು ಒಳಗೆ ಯಾರಿದ್ದರು ಎಂದು ಪದ್ಮಾ ಮೆಲ್ಲಗೆ ಕೇಳಿದಳು.

"ನಾನೇ ಇದ್ದೆ. ಹಿಂದಿನ ಗ್ವಾಡಿ ಬಿತ್ತು, ಜನ ನನ್ನ ಎಳಕೊಂಡ್ರು. ಆದ್ರ ಕಣ್ಣು ಮುಚ್ಚಿದ್ರ ಸಾಕು, ನಾ ಇನ್ನೂ ಒಳಗೇ ಇದ್ದೀನಿ. ಚಿಲಕ ತೆಗೀಲಿಕತ್ತೀನಿ, ಬರವಲ್ದು."

ಆಕೆ ಬಾಗಿಲಿನ ಹಿಂದಕ್ಕೆ ಹೋದಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಜಂಗು ಹಿಡಿದ ಚಿಲಕ ಕಿರ್ರೆಂದಿತು. ಕದ ತೆರೆದು, ಹೊಸ್ತಿಲು ದಾಟಿ, ಹಾಜರಾಬಿ ನಮ್ಮ ಕಡೆ ಬಂದಳು.

"ಕುಂದ್ರಿ, ಚಾ ಮಾಡ್ತೀನಿ," ಎಂದಳು ಪದ್ಮಾ.

ಸಂಜೆ ಬಾಗಿಲನ್ನು ಸೇಡಂ ಕಡೆಯ ಟೆಂಪೊಕ್ಕೆ ಹೇರಿ ಹಗ್ಗ ಬಿಗಿದೆವು. ಮುಂದೆ ಡ್ರೈವರನ ಪಕ್ಕ ಕೂತ ಹಾಜರಾಬಿಗೆ ಹೋಗಿ ಬರ್ರಿ ಎಂದು ಹೇಳಲು ಹೋದೆ. ಗಾಡಿ ಇನ್ನೂ ಚಾಲೂ ಆಗಿರಲಿಲ್ಲ, ಆಕೆ ಆಗಲೇ ನಿದ್ದೆ ಹೋಗಿದ್ದಳು.