ಎದುರಾಳಿಗೆ ನಾನೇ ತೋಡಿಕೊಟ್ಟ ಸುರಂಗ

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಡಂ ಒಂದೇ ನಿಯಮ ಕಲಿಸಿದ್ದರು: ಎದುರಾಳಿಯ ವಾದವನ್ನು ಒಡೆಯುವ ಮೊದಲು ಅವನಿಗಿಂತ ಚಲೋ ನೀನೇ ಅದನ್ನು ಮಂಡಿಸು. ಬಡಕಲು ವಾದವನ್ನು ಕೆಡವಿದರೆ ಅದು ಗೆಲುವಲ್ಲ. ಈ ನಿಯಮದಿಂದ ನಾನು ಬಹುಮಾನದ ಕಪ್ಪು ಗೆದ್ದಿದ್ದೇನೆ, ಗೆಳತಿಯರನ್ನು ಕಳೆದುಕೊಂಡಿದ್ದೇನೆ, ನೋಡಲು ಬಂದ ವರನೊಬ್ಬನನ್ನು ಅವಲಕ್ಕಿ ಆರುವುದರೊಳಗೆ ಓಡಿಸಿದ್ದೇನೆ. ನಿಯಮದ್ದೇನೂ ತಪ್ಪಿಲ್ಲ ಅಂತ ಈಗಲೂ ನನ್ನ ವಾದ. ಆದರೆ ಚರ್ಚಾಸ್ಪರ್ಧೆಯಲ್ಲಿ ಒಂದು ಅನುಕೂಲ ಇರುತ್ತದೆ: ಗಂಟೆ ಹೊಡೆಯುವ ತನಕ ಕೇಳುವವರು ಎದ್ದು ಹೋಗುವಂತಿಲ್ಲ. ಬ್ಲಾಗಿನಲ್ಲಿ ಹಾಗಲ್ಲ ಅಂತ ನನಗೆ ತಿಳಿದದ್ದು ರೋಣದಲ್ಲಿ, ನಮ್ಮ ಕಾಕು, ಅಂದರೆ ಚಿಕ್ಕಮ್ಮನ, ಹಿತ್ತಲಿನಲ್ಲಿ.

ಹಗಲು ನಾನು ನರಗುಂದದ ಕಾಳಿನ ದಲಾಲಿ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ ಮಾಡುತ್ತೇನೆ. ಕಡಲೆ, ಹೆಸರು, ಗೋವಿನಜೋಳ. ಸುಗ್ಗಿ ಮುಗಿದ ಮೇಲೆ ಕೆಲಸ ಕಡಿಮೆ, ಕಂಪ್ಯೂಟರ್ ಮಾತ್ರ ಎದುರಿಗೇ ಇರುತ್ತದೆ. ಆಗ ಶುರುವಾದದ್ದು ಈ ಬ್ಲಾಗು. ನಮ್ಮ ಕಡೆ ಎಲ್ಲರೂ ನಂಬುವ, ಯಾರೂ ಪರೀಕ್ಷೆ ಮಾಡದ ಮಾತುಗಳನ್ನು ಹಿಡಿದು 'ಪುರಾವೆ ಎಲ್ಲಿ?' ಅಂತ ಕೇಳುವುದು ಅದರ ಕೆಲಸ. ಹೆಸರೂ ಅದೇ. ಮೊದಲ ಬರಹ, ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಮಿರ್ಚಿ ಭಜಿಯನ್ನು ಮೀರಿಸುವ ಭಜಿ ಸುತ್ತ ಎಲ್ಲೂ ಇಲ್ಲ ಎಂಬ ಮಾತಿನ ಮೇಲೆ. ಊರೂರು ತಿರುಗಿ ತಿಂದು, ಹೊಟ್ಟೆ ಕೆಡಿಸಿಕೊಂಡು ಬರೆದೆ. ಒಂದೂ ಕಾಮೆಂಟ್ ಬರಲಿಲ್ಲ. ಯಾರೂ ಓದಿಲ್ಲ ಅಂದುಕೊಂಡೆ. ಮರುದಿನ ಅಂಗಡಿಗೆ ಕಡಲೆ ತಂದ ರೈತರೊಬ್ಬರು ಚೀಲ ಇಳಿಸುವ ಮೊದಲೇ ಕೇಳಿದರು:

"ಮಿರ್ಚಿ ಬಗ್ಗೆ ಬರದಾಕಿ ನೀವೇನ್ರಿ?"

"ಹೌದ್ರಿ."

"ಆರಿದ ಮಿರ್ಚಿ ತಿಂದು ಬರದೀರಿ. ಹಂಗ ಬರೀಬಾರದು."

ಅದು ನನ್ನ ಮೊದಲ ಕಾಮೆಂಟು. ನಮ್ಮ ಕಡೆಯವರಿಗೆ ಡಬ್ಬಿಯೊಳಗೆ ಅಭಿಪ್ರಾಯ ಟೈಪ್ ಮಾಡಿ ಹಾಕುವುದು ಗೋಡೆ ಮರೆಗೆ ನಿಂತು ಬೈದಂತೆ ಕಾಣುತ್ತದೋ ಏನೋ. ಎದುರಿಗೇ ಬಂದು ಹೇಳುತ್ತಾರೆ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ ಹೇಳುತ್ತಾರೆ. ಹಲ್ಲಿನ ದವಾಖಾನೆಗೆ ಹೋದಾಗ, ನನ್ನ ಬಾಯಿ ಪೂರ್ತಿ ತೆರೆಸಿ ಇಕ್ಕಳ ಇಟ್ಟ ಮೇಲೆ, ಡಾಕ್ಟರು ತಮ್ಮ ಭಿನ್ನಾಭಿಪ್ರಾಯ ಮಂಡಿಸಿದರು. ಆ ತನಕ ನಾನು ಉತ್ತರ ಕೊಡದೆ ಬಿಟ್ಟ ವಾದ ಅದೊಂದೇ.

ಹೀಗೆ ಹುರುಪು ಏರಿದಾಗ ಕೈ ಹಾಕಿದ್ದು ಸುರಂಗಕ್ಕೆ. ನರಗುಂದದ ಗುಡ್ಡದ ಕೋಟೆಯಿಂದ ಗಜೇಂದ್ರಗಡದ ಕೋಟೆಯ ತನಕ ನೆಲದೊಳಗೆ ಸುರಂಗ ಇದೆ, ಕುದುರೆ ಮೇಲೆ ಕೂತೇ ಹೋಗಬಹುದಿತ್ತು ಅಂತ ಹೇಳುವ ಒಬ್ಬರಾದರೂ ಪ್ರತಿ ಕಟ್ಟೆಯ ಮೇಲೆ ಸಿಗುತ್ತಾರೆ. ಎಲ್ಲರ ಮುತ್ತಜ್ಜನೂ ಅದರೊಳಗೆ ಒಂದು ಆಡು ಬಿಟ್ಟಿದ್ದ, ಎಲ್ಲ ಆಡುಗಳೂ ಆ ಕಡೆ ಹೊರಬಂದಿದ್ದವು. ಬಂದ ಆಡನ್ನು ಕಂಡವರು ಮಾತ್ರ ಯಾರೂ ಇಲ್ಲ.

ನಿಯಮದ ಪ್ರಕಾರ ಮೊದಲು ಸುರಂಗದ ಪರ ಬರೆದೆ. ಊರವರ ವಾದ ತೀರ ಸೊರಗಿತ್ತು, ನಾನೇ ಅದಕ್ಕೆ ಮೈ ತುಂಬಿಸಬೇಕಾಯಿತು. ಇಷ್ಟು ಉದ್ದದ ಸುರಂಗಕ್ಕೆ ನಡುವೆ ಗಾಳಿ ಆಡಲು ಬಾಯಿಗಳು ಬೇಕು. ಅವು ಯಾಕೆ ಕಾಣುವುದಿಲ್ಲ? ಅಡಗಿಸಿದ್ದಾರೆ. ಎಲ್ಲಿ? ನಮ್ಮ ಹಳೇ ಮನೆಗಳಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ಇರುತ್ತದೆ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ಮೇಲೆ ನಡೆದಾಡುವವರಿಗೂ ತಿಳಿಯುವುದಿಲ್ಲ. 'ಸುರಂಗದ ಬಾಯಿಯನ್ನು ಬಚ್ಚಿಡಲು ಹಗೇವಿಗಿಂತ ಯೋಗ್ಯ ಜಾಗ ಯಾವುದು? ಎರಡು ಕೋಟೆಗಳ ನಡುವೆ ಇರುವ ರೋಣದ ಹಳೇ ಹಿತ್ತಲುಗಳನ್ನು ಯಾರಾದರೂ ನೋಡಿದ್ದಾರೆಯೇ?' ಅಂತ ಬರೆದೆ. ಇಂಥ ವಾದ ಎದುರಾಳಿಗೆ ಏಳು ಜನ್ಮಕ್ಕೂ ಹೊಳೆಯಲಾರದು ಅಂತ ನನಗೆ ನಾನೇ ಶಹಬಾಸ್ ಹೇಳಿಕೊಂಡೆ. ಆಮೇಲೆ ಕೆಳಗೆ, ಅದರ ಎರಡರಷ್ಟು ಉದ್ದಕ್ಕೆ, ಎಲ್ಲವನ್ನೂ ಕೆಡವಿ ಹಾಕಿದೆ: ಅಗೆದ ಮಣ್ಣು ಎಲ್ಲಿ ಸುರಿದರು, ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಎರಿ ಮಣ್ಣು ಹೇಗೆ ತಡೆಯಿತು, ಒಳಗೆ ಕುದುರೆ ಏನನ್ನು ಉಸಿರಾಡಿತು.

ಯಾರೋ ಪುಣ್ಯಾತ್ಮರು ಮೊದಲಿನ ಅರ್ಧದ ಫೋಟೋ ತೆಗೆದು ವಾಟ್ಸಾಪಿಗೆ ಬಿಟ್ಟರು. ನಮ್ಮ ಅಂಗಡಿಯ ಸಾಹುಕಾರರು ಮೊಬೈಲ್ ಹಿಡಿದುಕೊಂಡೇ ಬಂದು, "ಅಂತೂ ನೀನೂ ನಂಬಿದಿ ಬಿಡವಾ," ಅಂದರು, ಮಗಳು ದಾರಿಗೆ ಬಂದಳು ಎಂಬ ದನಿಯಲ್ಲಿ.

ಆಗ ರೋಣದಿಂದ ಕಾಕುವಿನ ಫೋನ್ ಬಂತು. ಕಾಕು ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕಳಿಸುತ್ತಾಳೆ. ಮನೆಯಲ್ಲಿ ಒಂದೇ ಒಲೆ. ಎಲ್ಲರ ಊಟ ತಿಂಡಿ ಮುಗಿದ ಮೇಲೆಯೇ ಅವಳ ಸರದಿ. ಗಜೇಂದ್ರಗಡದ ದೊಡ್ಡ ಖಾನಾವಳಿಯೊಂದು ದಿನಾಲೂ ರೊಟ್ಟಿ ಬೇಕು, ದೀಪಾವಳಿಯೊಳಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿತ್ತು. ಅದಕ್ಕೆ ಬೇರೆ ಒಲೆ ಹೂಡಲೆಂದು ಹಿತ್ತಲಿನಲ್ಲಿ ತಗಡಿನ ಶೆಡ್ ಹಾಕಿಸಲು ಗಂಡನ, ಅಂದರೆ ನಮ್ಮ ಕಾಕಾನ, ಬೆನ್ನು ಬಿದ್ದು, ಅತ್ತು, ಮಾತು ಬಿಟ್ಟು, ಅಂತೂ ಒಪ್ಪಿಸಿದ್ದಳು.

"ಬುನಾದಿ ಅಗಿಯೂಮುಂದ ಹಳೇ ಹಗೇವು ಸಿಕ್ಕೈತಿ," ಅಂದಳು. "ನಿಮ್ಮ ಕಾಕಾ ಗೌಂಡಿನ್ನ ವಾಪಸ್ ಕಳಿಸ್ಯಾರ. ಅದು ಸುರಂಗದ ಬಾಯಿಯಂತ. ಇನ್ನ ಶೆಡ್ ಇಲ್ಲಂತ. ಯಾರು ಹೇಳಿದ್ರು ಅಂದ್ರ ನಿನ್ನ ಹೆಸರು ಹೇಳ್ತಾರ."

"ಕಾಕು, ನಾ ಸುರಂಗ ಇಲ್ಲ ಅಂತ ಬರದೀನಿ."

"ಎಲ್ಲಿ ಬರದಿ?"

"ಕೆಳಗ."

"ಕೆಳಗ ಯಾರು ಹೋಗ್ತಾರ?"

ಅವತ್ತೇ ಬ್ಲಾಗಿನ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸುರಂಗ ಇಲ್ಲ. ಹಗೇವು ಅಂದರೆ ಹಗೇವು ಅಷ್ಟೇ' ಅಂತ ಹಾಕಿದೆ. ಸಂಜೆಯೊಳಗೆ ಹೊಸ ಸುದ್ದಿ ಹಬ್ಬಿತು: ಮೇಲಿನಿಂದ ಒತ್ತಡ ಬಂದಿದೆ, ಹುಡುಗಿಯ ಬಾಯಿ ಮುಚ್ಚಿಸಿದ್ದಾರೆ. ನನ್ನ ಅಷ್ಟುದ್ದದ ತರ್ಕ ಓದದವರು ಈ ಒಂದು ಸಾಲನ್ನು ಗುಂಪು ಕೂಡಿ ಓದಿದರು.

ರವಿವಾರ ರೋಣದ ಬಸ್ ಹತ್ತಿದೆ. ಹಿತ್ತಲಿನಲ್ಲಿ ಇಟ್ಟಂಗಿ ರಾಶಿ ಹಾಗೇ ಬಿದ್ದಿತ್ತು. ಹಗೇವಿನ ಸುತ್ತ ಹಗ್ಗ ಕಟ್ಟಿ, ಪಕ್ಕದಲ್ಲಿ ಖುರ್ಚಿ ಹಾಕಿಕೊಂಡು ಕಾಕಾ ಕೂತಿದ್ದ. ಓಣಿಯ ನಾಲ್ಕಾರು ಜನ ಚಹಾ ಕುಡಿಯುತ್ತ ನಿಂತಿದ್ದರು.

"ಕಾಕಾ, ಇದು ಹಗೇವು."

"ಹಗೇವು ಅಂತ ಅನಸ್ಲಿ ಅಂತನ ಹಿಂಗ ಮಾಡ್ಯಾರ. ನೀನ ಬರದೀಯಲ್ಲ."

"ಅದು ನನ್ನ ವಾದ ಅಲ್ಲ. ಎದುರಿನವರ ವಾದ."

"ಎದುರಿನವರು ಯಾರು?"

"ನೀನ."

"ನನಗ ಇದು ಹೊಳದಿದ್ದಿಲ್ಲವಾ. ನೀ ಬರದ ಮ್ಯಾಲೆ ಹೊಳೀತು."

ಬ್ಯಾಟರಿ ಬೆಳಕು ಬಿಟ್ಟು ತೋರಿಸಿದೆ: ತಳ ಕಾಣುತ್ತಿದೆ, ಸುತ್ತ ಎಲ್ಲೂ ತೂತಿಲ್ಲ. "ಮುಚ್ಚಿರ್ತಾರ," ಅಂದ. ಹಾಗಾದರೆ ಸುರಂಗ ತೋಡಿದ ಮಣ್ಣು ಎಲ್ಲಿ ಹೋಯಿತು ಅಂದೆ. ಕಾಕಾ ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. "ನರಗುಂದದಾಗ ಒಂದು ಗುಡ್ಡ ಐತಿ. ಗಜೇಂದ್ರಗಡದಾಗ ಒಂದು ಗುಡ್ಡ ಐತಿ. ಅವು ಹ್ಯಾಂಗ ಬಂದುವು?" ಅಂತ ಕೇಳಿದ.

ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಆದರೆ ಓಣಿಯವರು ಆಗಲೇ ನಕ್ಕಾಗಿತ್ತು. ನಕ್ಕ ಸಭೆಯನ್ನು ಮತ್ತೆ ತರ್ಕಕ್ಕೆ ಎಳೆದು ತರುವುದು ಹೇಗೆ ಅಂತ ಮೇಡಂ ಹೇಳಿಕೊಟ್ಟಿರಲಿಲ್ಲ.

ಕಾಕು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ನನ್ನ ಪರ ಮಾತಾಡುತ್ತಾಳೆ ಅಂದುಕೊಂಡೆ.

"ಸುರಂಗನ ಐತಿ, ತಗೋರಿ," ಅಂದಳು.

ನಾನು ಬಾಯಿ ತೆರೆದೆ. "ನೀ ಸುಮ್ಕಿರು," ಅಂದಳು. "ಅಲ್ರೀ, ಇಂಥಾ ಸುರಂಗ ಹಿಂಗ ಬಯಲಿಗೆ ಬಿಡ್ತಾರೇನು? ಮಳಿ ಬಂದ್ರ ನೀರು ತುಂಬ್ತೈತಿ. ಮಂದಿ ಎಮ್ಮಿಕರ ಬಿದ್ರ ಜಗಳ ಯಾರಿಗೆ ಬರ್ತೈತಿ? ಮೊದಲು ಬಾಯಿಗೊಂದು ಚಪ್ಪಡಿ ಬ್ಯಾಡೇನು? ಸುತ್ತ ಗ್ವಾಡಿ, ಮ್ಯಾಲೆ ತಗಡು, ಬಾಗಲಕ್ಕ ಕೀಲಿ ಬ್ಯಾಡೇನು?"

ಕಾಕಾ ವಿಚಾರಕ್ಕೆ ಬಿದ್ದ. ಓಣಿಯವರು ಖರೇ ಐತಿ, ಖರೇ ಐತಿ ಅಂದರು.

"ಕಾಯಾಕ ದಿನಾ ಒಬ್ಬರು ಅಲ್ಲೇ ಇರಬೇಕಾಗ್ತೈತಿ," ಅಂದಳು ಕಾಕು. "ನಾ ಹ್ಯಾಂಗೂ ರೊಟ್ಟಿ ಬಡಕೋತ ಕುಂದ್ರತೀನಿ."

ಗೌಂಡಿ ಮರುದಿನವೇ ಬಂದ. ದೀಪಾವಳಿಗೆ ಮುಂಚೆ ಶೆಡ್ ನಿಂತಿತು. ತಪ್ಪು ಆಧಾರದ ಮೇಲೆ ಸರಿಯಾದ ತೀರ್ಮಾನಕ್ಕೆ ಬಂದಿದ್ದೀ, ಇಂಥ ವಾದಕ್ಕೆ ಅಂಕ ಕೊಡಲಾರೆ ಅಂತ ಕಾಕುವಿಗೆ ಫೋನಿನಲ್ಲಿ ಹೇಳಿದೆ. "ಅಂಕ ನೀನ ಇಟ್ಕೋ, ನನಗ ಒಲಿ ಸಾಕು," ಅಂದಳು.

ಈಗ ಬ್ಲಾಗಿನಲ್ಲಿ ನನ್ನ ತೀರ್ಮಾನ ಮೊದಲ ಸಾಲಿಗೇ ಬರುತ್ತದೆ. ಓದುವವರು ಅರ್ಧಕ್ಕರ್ಧ ಇಳಿದಿದ್ದಾರೆ. ತೀರ್ಮಾನ ಗೊತ್ತಾದ ಮೇಲೆ ಓದುವುದೇನು ಅಂತ ಸಾಹುಕಾರರ ಕಾಮೆಂಟು. ಅವರ ತರ್ಕದಲ್ಲಿ ದೋಷ ಇದೆ, ಹುಡುಕುತ್ತಿದ್ದೇನೆ.

ಹೋದ ತಿಂಗಳು ಶೆಡ್ಡಿಗೆ ಹೋಗಿದ್ದೆ. ಎರಡು ಒಲೆ ಉರಿಯುತ್ತಿದ್ದವು, ಕಾಕುವಿನ ಜೊತೆ ಓಣಿಯ ಹೆಂಗಸೊಬ್ಬಳೂ ರೊಟ್ಟಿ ಬಡಿಯುತ್ತಿದ್ದಳು. ಸುರಂಗ ನೋಡಲು ಗಜೇಂದ್ರಗಡದಿಂದ ಬಂದ ದಂಪತಿಗೆ ಕಾಕಾ ಚಪ್ಪಡಿ ತೋರಿಸಿ ಕುದುರೆಯ ವಿಷಯ ಹೇಳುತ್ತಿದ್ದ. ಗಂಡ ನನ್ನ ಕಡೆ ತಿರುಗಿದ.

"ಬರದಾಕಿ ನೀವ ಅಲ್ರಿ? ಖರೇ ಹೇಳ್ರಿ, ಸುರಂಗ ಐತೇನು?"

"ಇಲ್ರಿ," ಅಂದೆ. "ಇಲ್ಲೂ ಇಲ್ಲ, ಎಲ್ಲೂ ಇಲ್ಲ. ಇದು ಹಗೇವು."

ಅವನು ಹೆಂಡತಿಯ ಮುಖ ನೋಡಿದ. ಇಬ್ಬರೂ ಮೆಲ್ಲಗೆ ತಲೆಯಾಡಿಸಿದರು. "ಇರ್ಲಿ ಬಿಡ್ರಿ, ನಿಮಗ ಹಂಗ ಹೇಳಬೇಕಾಗ್ತೈತಿ," ಅಂತ ದನಿ ತಗ್ಗಿಸಿ ಹೇಳಿ, ಒಂದು ಕಟ್ಟು ರೊಟ್ಟಿ ತೆಗೆದುಕೊಂಡವನು ಇನ್ನೊಂದು ಕಟ್ಟನ್ನೂ ತೆಗೆದುಕೊಂಡ.

ಅವರು ಹೋದ ಮೇಲೆ ಕಾಕು ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, ಮುಖ ಎತ್ತದೆ ಹೇಳಿದಳು: "ಮುಂದಿನ ರವಿವಾರನೂ ಬಾ. ಬಂದು ಸುರಂಗ ಇಲ್ಲ ಅಂತ ಹೇಳಿ ಹೋಗು."